ಗುಲಗಂಜಿ ತೂಕದ ಬೇರು

ಹೋದ ವಾರ ಅಪ್ಪನ ಕಬ್ಬಿಣದ ಟ್ರಂಕು ತೆಗೆದೆ. ತೆಗೆಯುವ ಮನಸ್ಸೇನೂ ಇರಲಿಲ್ಲ. ಮಂಡ್ಯದಲ್ಲಿ ನನ್ನನ್ನು ನೋಡುವ ಡಾಕ್ಟರ್ ಇನ್ನೂ ಹುಡುಗಿ, ನಾನು ಕೊನೆಯದಾಗಿ ಪಾಠ ಹೇಳಿದ ಮಕ್ಕಳಿಗಿಂತ ನಾಲ್ಕು ವರ್ಷ ದೊಡ್ಡವಳಿರಬಹುದು. ಬಿ.ಪಿ. ನೋಡಿ ಮುಖ ಸಣ್ಣಗೆ ಮಾಡಿಕೊಂಡು, "ನಿಮ್ಮ ತಂದೆಗೆ ಇತ್ತಾ ಆಂಟಿ? ಏನು ತಗೊಳ್ತಿದ್ರು?" ಎಂದು ಕೇಳಿದಳು. ಇತ್ತು ಅಂದೆ. ಏನು ತೆಗೆದುಕೊಳ್ಳುತ್ತಿದ್ದರೋ ನೆನಪಿಲ್ಲ ಅಂದೆ. "ನೀವು ನನ್ನ ಮಾತ್ರೆ ಬಿಟ್ಟು ಬೇರೇನಾದ್ರೂ ತಗೊಳ್ತಿದ್ದೀರಾ?" ಅಂದಳು. ಇಲ್ಲ ಅಂದೆ. ಎರಡೂ ಸುಳ್ಳು. ಪಕ್ಕದ ಮನೆಯಾಕೆ ಎರಡು ತಿಂಗಳಿಂದ ಹೊಳೆಮತ್ತಿ ತೊಗಟೆಯ ಕಷಾಯ ಮಾಡಿ, ದಿನಾ ಬೆಳಿಗ್ಗೆ ಲೋಟದಲ್ಲಿ ತಂದುಕೊಡುತ್ತಾಳೆ, ಹೃದಯಕ್ಕೆ ಒಳ್ಳೆಯದು ಎಂದು. ಅವಳ ಮುಖ ನೋಡಿ ಕುಡಿಯುತ್ತೇನೆ. ಡಾಕ್ಟರ ಮುಖ ನೋಡಿ ಇಲ್ಲ ಅನ್ನುತ್ತೇನೆ. ಎಪ್ಪತ್ತು ದಾಟಿದ ಮೇಲೂ ಬುದ್ಧಿ ಬರಲಿಲ್ಲ.

ಅಪ್ಪನ ಹಳೆಯ ಔಷಧದ ಚೀಟಿ ಇದ್ದರೆ ತನ್ನಿ ಎಂದೂ ಹೇಳಿದ್ದಳು, ಅದಕ್ಕೇ ಟ್ರಂಕು ತೆಗೆದದ್ದು. ಪಿಂಚಣಿಯ ಕಾಗದಗಳು, ಹುಳು ತಿಂದ ಶಾಲು, ಒಂದು ಕನ್ನಡಕದ ಡಬ್ಬಿ. ಅದರಡಿ ಹತ್ತಿಯ ದಾರದಲ್ಲಿ ಕಟ್ಟಿದ ಒಂದು ಕಂತೆ. ಹಳೆಯ ಪಂಚಾಂಗದ ಹಾಳೆಗಳನ್ನು ಅಂಗೈಯಗಲ ಕತ್ತರಿಸಿದ ಚೂರುಗಳು, ಪ್ರತಿಯೊಂದರಲ್ಲೂ ಪೊಟ್ಟಣ ಮಡಿಸಿದ ಗೆರೆಗಳು. ದಾರ ಬಿಚ್ಚಿದ್ದೇ ತಡ, ಬಜೆ, ಹಿಪ್ಪಲಿ, ಪಚ್ಚಕರ್ಪೂರ ಎಲ್ಲ ಒಟ್ಟಿಗೆ ಬೆರೆತ ವಾಸನೆ ಮೂಗಿಗೆ ಬಂತು. ಅಷ್ಟು ವರ್ಷ ಆ ಕಾಗದ ಅದನ್ನು ಹೇಗೆ ಹಿಡಿದಿಟ್ಟುಕೊಂಡಿತ್ತೋ… ನಾನು ಟ್ರಂಕಿನ ಪಕ್ಕ ನೆಲದ ಮೇಲೇ ಕೂತುಬಿಟ್ಟೆ. ಏಳುವುದಕ್ಕೆ ಮಂಡಿ ಕೇಳುವುದಿಲ್ಲ ಎಂಬುದೂ ಆಗ ನೆನಪಿರಲಿಲ್ಲ.

ಆ ವಾಸನೆ ಮಳವಳ್ಳಿ ಪೇಟೆಬೀದಿಯ ಗ್ರಂಥಿಗೆ ಅಂಗಡಿಯದು. ಈಗಿನವರಿಗೆ ಗ್ರಂಥಿಗೆ ಅಂಗಡಿ ಎಂದರೆ ಗೊತ್ತಿರಲಿಕ್ಕಿಲ್ಲ. ಅರಿಶಿನ, ಕುಂಕುಮ, ಊದಿನಕಡ್ಡಿಯೂ ಅಲ್ಲೇ, ಬಾಣಂತಿ ಖಾರದ ಸಾಮಾನೂ ಅಲ್ಲೇ, ಬೇರು, ತೊಗಟೆ, ಬೀಜಗಳೂ ಅಲ್ಲೇ. ಗೋಡೆಯುದ್ದಕ್ಕೂ ಸಣ್ಣ ಸಣ್ಣ ಮರದ ಖಾನೆಗಳು. ಯಾವುದರ ಮೇಲೂ ಹೆಸರಿಲ್ಲ. ಅವುಗಳ ಮುಂದೆ ಗಾದಿಯ ಮೇಲೆ ಕಾಲು ಮಡಚಿ ಕೂತಿರುತ್ತಿದ್ದವರನ್ನು ಊರೆಲ್ಲ ಶೆಟ್ಟರು ಎನ್ನುತ್ತಿತ್ತು, ನಾನೂ ಹಾಗೇ ಎನ್ನುತ್ತಿದ್ದೆ. ಅರವತ್ತು ದಾಟಿದ ಸಣಕಲು ಮನುಷ್ಯ. ಹೆಂಡತಿ ತೀರಿಕೊಂಡು ಬಹಳ ಕಾಲವಾಗಿತ್ತು, ಮಕ್ಕಳಿರಲಿಲ್ಲ. ಅಂಗಡಿಯ ಹಿಂದಿನ ಕೋಣೆಯಲ್ಲೇ ಒಲೆ, ಅಲ್ಲೇ ಚಾಪೆ. ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಹೆಂಡತಿಯ ಅಳಿಗುಳಿಮಣೆ ತೆಗೆದು, ಎರಡೂ ಕಡೆಯ ಆಟ ತಾವೇ ಆಡುತ್ತಿದ್ದರು. ಯಾರು ಗೆದ್ದರು ಎಂದು ನಾನೊಮ್ಮೆ ತಮಾಷೆಗೆ ಕೇಳಿದ್ದೆ. "ಅವ್ಳೇ ಕಣವ್ವ, ಯಾವಾಗ್ಲೂ," ಅಂದಿದ್ದರು. ನಾನು ನಕ್ಕಿದ್ದೆ. ಆಗ ನನಗೆ ಇಪ್ಪತ್ತನಾಲ್ಕು, ನಗು ಬಹಳ ಸಲೀಸಾಗಿ ಬರುತ್ತಿತ್ತು.

ಎಪ್ಪತ್ತರ ದಶಕದ ನಡುವಿನ ಮಾತು. ನಾನು ಊರಿನ ಪ್ರೈಮರಿ ಶಾಲೆಯಲ್ಲಿ ಟೀಚರಾಗಿದ್ದೆ. ಅಮ್ಮ ಹೋಗಿ ಮೂರು ವರ್ಷವಾಗಿತ್ತು. ಮನೆಯಲ್ಲಿ ನಾನು, ಅಪ್ಪ, ಅಪ್ಪನ ಅಕ್ಕ. ಅವರನ್ನು ನಾನು ಅತ್ತೆ ಎನ್ನುತ್ತಿದ್ದೆ. ಅಪ್ಪ ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದವರು. ನಿವೃತ್ತಿ ಆದದ್ದು ಕಚೇರಿಗೆ ಮಾತ್ರ ಗೊತ್ತಿತ್ತು, ಅಪ್ಪನಿಗಲ್ಲ. ಮನೆಯಲ್ಲಿ ಹಾಲು ಒಡೆದರೂ ಅದಕ್ಕೊಂದು ಟಿಪ್ಪಣಿ ಬರೆಯುತ್ತಿದ್ದರು. ಖಾಲಿ ಕಾಗದ ಕೈಗೆ ಸಿಕ್ಕಿದರೆ ಪೆನ್ಸಿಲು ತಾನಾಗಿ ಜೇಬಿನಿಂದ ಹೊರಗೆ ಬರುತ್ತಿತ್ತು. ಅಂಥವರಿಗೆ ತಲೆ ಸುತ್ತು, ಕಿವಿಯಲ್ಲಿ ಗುಂಯ್ ಎನ್ನುವ ಸದ್ದು ಶುರುವಾಗಿ, ಯಾರೋ ಹೇಳಿದರೆಂದು ಶೆಟ್ಟರ ಹತ್ತಿರ ಹೋದರು.

ಶೆಟ್ಟರು ಮುಂಗೈ ಹಿಡಿದು ಬಹಳ ಹೊತ್ತು ಕೂತಿದ್ದರಂತೆ. ಆಮೇಲೆ ನನಗೂ ಅದನ್ನು ವಿವರಿಸಿದ್ದರು. ನಮ್ಮ ಸೀಮೆಯವರಿಗೆ ನಾಲೆಯ ಲೆಕ್ಕದಲ್ಲಿ ಹೇಳಿದರೆ ಯಾವುದೂ ಬೇಗ ತಿಳಿಯುತ್ತದೆ. "ರಕ್ತ ಜಾಸ್ತಿ ಆಗಿಲ್ಲ ಕಣವ್ವ, ಅದು ಅರಿಯೋ ನಾಳ ಬಿಗ್ಕಂಡದೆ. ನಾಲೆ ಕಿರಿದಾದ್ರೆ ನೀರು ಏರಿ ಗುದ್ದಲ್ವಾ, ಅಂಗೇ. ಈ ಬೇರು ಆ ಬಿಗಿ ಸಡಿಲ ಮಾಡ್ತದೆ," ಅಂದಿದ್ದರು. ಬೇರು ಸರ್ಪಗಂಧದ್ದು. ಕೊಳ್ಳೇಗಾಲದ ಆಚೆಯ ಬೆಟ್ಟದವರು ವರ್ಷಕ್ಕೊಮ್ಮೆ ತಂದುಕೊಡುತ್ತಿದ್ದರು. ಬಣ್ಣ ಮಾಸಿದ, ಅಂಕುಡೊಂಕಾದ, ನೋಡಿದರೆ ಸೌದೆಚೂರು ಎನ್ನಬೇಕು, ಅಂಥ ಬೇರು. ನಾಲಿಗೆಗೆ ಹಚ್ಚಿದರೆ ಮಾತ್ರ ಸಂಜೆಯವರೆಗೂ ಕಹಿ.

ಆ ಬೇರಿನ ಪುಡಿಯನ್ನು ಶೆಟ್ಟರು ಉಳಿದ ಸಾಮಾನಿನ ಹಾಗೆ ತೂಗುತ್ತಿರಲಿಲ್ಲ. ಅದಕ್ಕೆಂದೇ ಒಂದು ಪುಟ್ಟ ಹಿತ್ತಾಳೆ ತಕ್ಕಡಿ, ತೂಕದ ಕಲ್ಲಿನ ಬದಲು ಗುಲಗಂಜಿ. ಕೆಂಪು ಮೈ, ಕಪ್ಪು ಮೂತಿಯ ಆ ಬೀಜಗಳನ್ನು ಒಂದೊಂದಾಗಿ ತಟ್ಟೆಗೆ ಬಿಟ್ಟು, ಉಸಿರು ಹಿಡಿದು ಮುಳ್ಳು ನೋಡುತ್ತಿದ್ದರು. ವಾರಕ್ಕೆ ಏಳು ಪೊಟ್ಟಣ, ಒಂದೂ ಹೆಚ್ಚಿಲ್ಲ. ಮುಂದಿನ ವಾರ ಬಂದಾಗ ಏಳು ಖಾಲಿ ಕಾಗದ ವಾಪಸ್ ಕೊಟ್ಟರೆ ಮಾತ್ರ ಹೊಸ ಏಳು. ಹಿಂದೆಂದೋ ಒಬ್ಬ, ಬೇಗ ವಾಸಿಯಾಗಲೆಂದು ಮೂರು ದಿನದ್ದನ್ನು ಒಂದೇ ಸಲ ನುಂಗಿ ಎರಡು ದಿನ ಏಳಲಿಲ್ಲವಂತೆ, ಅವತ್ತಿನಿಂದ ಈ ಕಟ್ಟುಪಾಡು. ವಾಪಸ್ ಬಂದ ಕಾಗದಗಳನ್ನು ಎಣಿಸಿ, ತಲೆಯ ಮೇಲೆ ತೂಗುಬಿಟ್ಟ ಕೊಕ್ಕೆತಂತಿಗೆ ಚುಚ್ಚುತ್ತಿದ್ದರು. ಒಬ್ಬೊಬ್ಬರಿಗೆ ಒಂದೊಂದು ತಂತಿ.

ಒಂದು ಶನಿವಾರ ಬೆಳಕವಾಡಿ ಕಡೆಯ ರೈತನೊಬ್ಬ ಐದೇ ಕಾಗದ ತಂದಿದ್ದ.

"ಇನ್ನೆರಡು ಎಲ್ಲಲಾ?"

"ಎಮ್ಮೆ ತಿನ್ಕತು ಕಣಣ್ಣ."

"ನಿನ್ ಎಮ್ಮೆಗೂ ರಕ್ತದ ಬಿಗಿ ಇತ್ತೇನ್ಲಾ? ಐದು ತಂದಿದೀಯ, ಐದೇ ತಕ್ಕಂಡೋಗು."

ಅವನು ಎಷ್ಟು ಗೋಗರೆದರೂ ಐದೇ. ಗೊಣಗುತ್ತಾ ಹೋದ, ಮುಂದಿನ ವಾರ ಐದು ಕಾಗದವನ್ನು ಮಡಿಸಿ ತಲೆಯ ರುಮಾಲಿನಲ್ಲಿ ಸಿಕ್ಕಿಸಿಕೊಂಡು ಬಂದ, ಆಮೇಲೆಯೇ ಮತ್ತೆ ಏಳು ಸಿಕ್ಕವು. ಶೆಟ್ಟರ ಮಾತಿಗೆ ಊರಿನಲ್ಲಿ ಅಷ್ಟು ಬೆಲೆಯಿತ್ತು. ಅವರಿಗೆ ಇದ್ದದ್ದೂ ಅದೊಂದೇ.

ಅಪ್ಪನ ಪೊಟ್ಟಣ ತರುವ ಕೆಲಸ ನನ್ನದು. ಶನಿವಾರ ಬೆಳಗಿನ ಶಾಲೆ ಮುಗಿಸಿ ಹಾಗೇ ಅಂಗಡಿಗೆ ಹೋಗುತ್ತಿದ್ದೆ. ಕಾಗದ ಎಣಿಸಿದ ಮೇಲೆ ಶೆಟ್ಟರು ನಾಲ್ಕು ಪ್ರಶ್ನೆ ಕೇಳುತ್ತಿದ್ದರು, ಪ್ರತಿ ವಾರ ಅದೇ ನಾಲ್ಕು. ಮೂಗು ಕಟ್ಟುತ್ತದಾ? ನಿದ್ದೆ ಜಾಸ್ತಿಯಾ? ಮನಸ್ಸು ಮಂಕಾಗಿದೆಯಾ? ಕೊನೆಯದು, "ಬ್ಯಾರೆ ಔಸ್ದಿ ಏನೂ ತಕ್ಕತಿಲ್ಲ ತಾನೆ?" ಯಾವುದಕ್ಕಾದರೂ ಹೌದು ಎಂದರೆ ತಟ್ಟೆಯಿಂದ ಒಂದು ಗುಲಗಂಜಿ ತೆಗೆದು ಅಷ್ಟು ಕಡಿಮೆ ತೂಗುತ್ತಿದ್ದರು. ಹೌದು ಎಂದವರನ್ನು ಅವರು ಬೈದದ್ದನ್ನು ನಾನು ನೋಡಿಲ್ಲ. ಇದನ್ನು ಮುಖ್ಯವಾಗಿ ಹೇಳಬೇಕು.

ಒಂದು ವರ್ಷ ಎಲ್ಲ ಸರಿಯಾಗಿತ್ತು. ಅಪ್ಪನ ತಲೆಸುತ್ತು ನಿಂತಿತ್ತು. ಆಮೇಲೆ ಒಂದು ದಿನ ಪಿಂಚಣಿಯ ಕೆಲಸಕ್ಕೆ ಮಂಡ್ಯಕ್ಕೆ ಹೋದವರನ್ನು ಹಳೆಯ ಸಹೋದ್ಯೋಗಿಯೊಬ್ಬರು ತಮ್ಮ ಪರಿಚಯದ ಡಾಕ್ಟರ ಬಳಿ ಕರೆದೊಯ್ದರು. ತೋಳಿಗೆ ಪಟ್ಟಿ ಸುತ್ತಿ, ಗಾಳಿ ತುಂಬಿ, ಪಾದರಸ ಏರಿಳಿಯುವುದನ್ನು ತೋರಿಸಿದ್ದು ಅಪ್ಪನಿಗೆ ಬಹಳ ಹಿಡಿಸಿತು. ಅದರಲ್ಲಿ ಅಂಕಿಗಳಿದ್ದವಲ್ಲ. ಡಾಕ್ಟರು ಸಣ್ಣ ಬಿಳಿ ಮಾತ್ರೆ ಕೊಟ್ಟು, ತೆಗೆದುಕೊಂಡ ಹೊತ್ತು ಬರೆದಿಡಿ ಎಂದರಂತೆ.

"ಬೇರು ನಿಲ್ಲಿಸ್ತೀರಾ?" ಎಂದೆ.

"ಎರಡೂ ಇರಲಿ ಕಣಮ್ಮ. ಶೆಟ್ಟರಿಗೆ ಹೇಳಬೇಡ, ಇಷ್ಟು ದಿನ ನೋಡ್ಕೊಂಡಿದ್ದಾರೆ, ಬೇಜಾರು ಮಾಡ್ಕೋತಾರೆ. ಡಾಕ್ಟರಿಗೂ ನಾನು ಶೆಟ್ಟರ ವಿಷಯ ಎತ್ತಿಲ್ಲ. ನಗ್ತಾರೆ," ಅಂದರು ಅಪ್ಪ.

ಅಷ್ಟೇ. ಇದರಲ್ಲಿ ಮೋಸ ಮಾಡುವ ಮನಸ್ಸು ಯಾರಿಗಿತ್ತು? ದಾಕ್ಷಿಣ್ಯ. ನಮ್ಮ ಮನೆಗಳಲ್ಲಿ ಬಡಿಸಿದವರ ಮುಖ ನೋಡಿ ಇನ್ನೊಂದು ಸೌಟು ಹಾಕಿಸಿಕೊಳ್ಳುವುದಿಲ್ಲವೇ, ಅದೇ ದಾಕ್ಷಿಣ್ಯ. ಒಬ್ಬರ ಮನಸ್ಸು ನೋಯಬಾರದು, ಇನ್ನೊಬ್ಬರ ಮುಂದೆ ಸಣ್ಣವರಾಗಬಾರದು. ಮುಂದಿನ ಶನಿವಾರ ನಾಲ್ಕನೆಯ ಪ್ರಶ್ನೆಗೆ ನಾನು ಇಲ್ಲ ಎಂದೆ. ಮೊದಲ ಸಲ ಅವರ ಮುಖ ನೋಡದೆ ಹೇಳಿದೆ. ಮೂರನೆಯ ವಾರದ ಹೊತ್ತಿಗೆ ಅಭ್ಯಾಸವಾಗಿತ್ತು.

ಅಪ್ಪನಿಗೆ ಮೂಗು ಕಟ್ಟತೊಡಗಿತು. ಮಳೆಗಾಲದ ಶೀತ ಎಂದು ಶೆಟ್ಟರಿಗೆ ಹೇಳಿದೆ. ಪೇಪರು ಓದುತ್ತಾ ಓದುತ್ತಾ ಕುರ್ಚಿಯಲ್ಲೇ ನಿದ್ದೆ ಹೋಗುತ್ತಿದ್ದರು. ವಯಸ್ಸಾಯಿತಲ್ಲ ಎಂದೆ. ಒಂದು ಸಂಜೆ ಎಲ್ಲೋ ಬಿಟ್ಟುಬಂದ ಹಳೆಯ ಕೊಡೆಗಾಗಿ ಮಗುವಿನ ಹಾಗೆ ಅತ್ತರು. ಕಚೇರಿಯಲ್ಲಿ ನಾಲ್ಕು ಜನರನ್ನು ಗಡಗಡ ನಡುಗಿಸಿದ್ದ ಮನುಷ್ಯ, ಜಗಲಿಯಲ್ಲಿ ಕೂತು ಕೊಡೆಗಾಗಿ… ಅಮ್ಮನ ನೆನಪು ಬಂದಿರಬೇಕು ಎಂದು ಅತ್ತೆ ಕಣ್ಣೊರೆಸಿಕೊಂಡರು. ಅದನ್ನು ಮಾತ್ರ ನಾನು ಶೆಟ್ಟರಿಗೆ ಹೇಳಲೇ ಇಲ್ಲ. ಮನಸ್ಸು ಹೇಗಿದೆ ಎಂದದ್ದಕ್ಕೆ ಚೆನ್ನಾಗಿದೆ ಎಂದೆ. ಅವರು ನನ್ನ ಮುಖ ನೋಡಿದರು. ನನ್ನ ಮಾತು ನಂಬಿ ಪೂರಾ ತೂಕ ತೂಗಿದರು.

ಹೀಗೆ ಒಂಬತ್ತು ವಾರ. ಹತ್ತನೆಯ ವಾರದ ಒಂದು ಬೆಳಿಗ್ಗೆ ಅಪ್ಪ ಕುರ್ಚಿಯಿಂದ ಎದ್ದು ಎರಡು ಹೆಜ್ಜೆ ಇಟ್ಟು, ಹೊಸ್ತಿಲ ಮೇಲೆ ಬಿದ್ದರು. ಕೈ ತಣ್ಣಗಿತ್ತು. ನಾಡಿ ಎಲ್ಲೋ ಪಾತಾಳದಲ್ಲಿ ಒಮ್ಮೆ, ಆಮೇಲೆ ಒಮ್ಮೆ. ಬಾಡಿಗೆ ಕಾರು ಮಾಡಿ ಮದ್ದೂರಿನ ಮೇಲೆ ಮಂಡ್ಯಕ್ಕೆ ಹೊರಟೆವು. ಮಂಡ್ಯ ಹತ್ತಿರ ಬಂದಾಗ ಕಬ್ಬಿನ ಗಾಡಿಗಳ ಸಾಲು ದಾರಿಗೆ ಅಡ್ಡವಾಗಿತ್ತು. ಎತ್ತುಗಳು ನಿಧಾನವಾಗಿ ಮೆಲುಕು ಹಾಕುತ್ತಾ ನಿಂತಿದ್ದವು. ಅಪ್ಪನ ತಲೆ ನನ್ನ ತೊಡೆಯ ಮೇಲಿತ್ತು, ನಾನು ಅವರ ಮುಂಗೈ ಹಿಡಿದು ಎಣಿಸುತ್ತಲೇ ಇದ್ದೆ. ಶೆಟ್ಟರು ಹಿಡಿಯುವ ಹಾಗೆ ಹಿಡಿದಿದ್ದೇನೆ ಎಂದು ಆಗಲೇ ಹೊಳೆದದ್ದು.

ಆಸ್ಪತ್ರೆಯಲ್ಲಿ ಆ ಮಾತ್ರೆಯ ಡಾಕ್ಟರೇ ಒಳಗಿನಿಂದ ಬಂದು, ಬೇರೇನಾದರೂ ತೆಗೆದುಕೊಳ್ಳುತ್ತಿದ್ದರೇ ಎಂದು ಕೇಳಿದಾಗ ಮಾತ್ರ ಬಾಯಿ ಬಿಟ್ಟೆ. ಭಯ ಇದ್ದಲ್ಲಿ ದಾಕ್ಷಿಣ್ಯ ನಿಲ್ಲುವುದಿಲ್ಲ. ಅವರು ಹಣೆ ಒತ್ತಿಕೊಂಡರು. ಸಿಟ್ಟು ಮಾಡಲಿಲ್ಲ. "ನಾನು ಕೊಟ್ಟ ಮಾತ್ರೆ ಅದೇ ಬೇರಿನ ಸತ್ವದಿಂದ ಮಾಡಿದ್ದಮ್ಮ. ನಿಮ್ಮ ತಂದೆ ಒಂದೇ ಔಷಧಿನ ಎರಡು ಕಡೆಯಿಂದ ತಗೊಂಡಿದ್ದಾರೆ. ಬೇರೂ ಕೆಟ್ಟದ್ದಲ್ಲ, ಮಾತ್ರೆಯೂ ಕೆಟ್ಟದ್ದಲ್ಲ, ಹೇಳಬೇಕಿತ್ತು," ಅಂದರು. ಮೂಗು ಕಟ್ಟಿದ್ದು, ನಿದ್ದೆ, ಕೊಡೆಗಾಗಿ ಅತ್ತದ್ದು, ಎಲ್ಲ ಅದರದ್ದೇ ಎಂದರು. ಶೆಟ್ಟರ ನಾಲ್ಕು ಪ್ರಶ್ನೆಗಳನ್ನು ಅವರು ಇಂಗ್ಲಿಷಿನಲ್ಲಿ ಓದಿದ್ದರು, ಅಷ್ಟೇ ವ್ಯತ್ಯಾಸ. ಈ ಮಾತು ಪೂರಾ ಕೇಳಿಸಿಕೊಂಡವಳು ನಾನೊಬ್ಬಳೇ.

ಅಪ್ಪ ಉಳಿದುಕೊಂಡರು. ಹತ್ತು ದಿನಕ್ಕೆ ಮನೆಗೆ ಬಂದೆವು. ಅಷ್ಟರಲ್ಲಿ ಊರಿಗೆ ಸುದ್ದಿ ಮುಟ್ಟಿತ್ತು. ಆಸ್ಪತ್ರೆಯಲ್ಲಿ ಅತ್ತೆಯ ಕಿವಿಗೆ ಬೇರು ಎಂಬ ಒಂದು ಮಾತು ಬಿದ್ದಿತ್ತು, ನಮಗಿಂತ ಮುಂಚೆ ಊರಿಗೆ ಮರಳಿದ್ದ ಅವರಿಗೆ ಅಷ್ಟು ಸಾಕಾಗಿತ್ತು. ಶೆಟ್ಟರ ಬೇರು ತಿಂದು ಶಿರಸ್ತೇದಾರರು ಸಾಯುವ ಹಾಗಾದರಂತೆ ಎಂದು ಬಾವಿಕಟ್ಟೆಯಲ್ಲಿ, ಹಾಲಿನವನ ಮುಂದೆ, ನಮ್ಮ ಶಾಲೆಯ ಆಯಾ ಮುಂದೆ ಹೇಳುತ್ತಿದ್ದರು. ನಾನು ತಡೆಯಲಿಲ್ಲ. ಅತ್ತೆಗೆ ನಿಜ ಹೇಳಬೇಕಾದರೆ ಅಪ್ಪ ಸುಳ್ಳು ಹೇಳಿಸಿದ್ದನ್ನೂ ನಾನು ಹೇಳಿದ್ದನ್ನೂ ಹೇಳಬೇಕಿತ್ತು. ನಾಳೆ ಹೇಳೋಣ, ನಾಳೆ ಹೇಳೋಣ ಎಂದುಕೊಂಡೆ.

ಮೂರನೆಯ ದಿನ ಶೆಟ್ಟರು ಮನೆಗೆ ಬಂದರು. ಹಗಲು ಹೊತ್ತಿನಲ್ಲಿ ಅಂಗಡಿ ಮುಚ್ಚಿ ಬಂದದ್ದು ಅದೇ ಮೊದಲಿರಬೇಕು. ತೊಳೆದ ಪಂಚೆ ಉಟ್ಟು, ಬಾಳೆಹಣ್ಣಿನ ಚಿಪ್ಪು ಹಿಡಿದು ಗೇಟಿನ ಹೊರಗೇ ನಿಂತಿದ್ದರು. ಅತ್ತೆ ಬಾಗಿಲಲ್ಲಿ ನಿಂತವರು ಒಳಗೆ ಬನ್ನಿ ಎನ್ನಲಿಲ್ಲ. ನೀರು ಬೇಕೇ ಎಂದೂ ಕೇಳಲಿಲ್ಲ. ನಾನೇ ಗೇಟಿಗೆ ಹೋದೆ.

"ಯಂಗವ್ರೆ?"

"ಪರವಾಗಿಲ್ಲ, ಎದ್ದು ಕೂತ್ಕೋತಾರೆ."

ಅವರು ಅತ್ತೆಯ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದರು. "ನಿಜ ಯೋಳು ಕಣವ್ವ, ನಾನೇನೂ ಅನ್ನಾಕಿಲ್ಲ. ಬ್ಯಾರೆ ಔಸ್ದಿ ಏನಾರ ತಕ್ಕಂಡಿದ್ರಾ?"

ಆ ಕ್ಷಣ ನನ್ನ ಕಣ್ಣ ಮುಂದೆ ಇವತ್ತೂ ಹಾಗೇ ಇದೆ. ಬೆನ್ನ ಹಿಂದೆ ಅತ್ತೆ. ಕಿಟಕಿಯೊಳಗೆ ಅಪ್ಪ ಕೆಮ್ಮಿದ ಸದ್ದು. ನನ್ನ ಕೈ ಗೇಟಿನ ಚಿಲಕದ ಮೇಲೆ. "ಇಲ್ಲ," ಎಂದೆ.

ಶೆಟ್ಟರು ತಲೆ ತಗ್ಗಿಸಿ ತಮ್ಮ ಬಲಗೈ ನೋಡಿಕೊಂಡರು. "ಅಂಗಾದ್ರೆ ನನ್ ತೂಕವೇ ತಪ್ಪಿರ್ಬೇಕು," ಅಂದರು. ಬಾಳೆಹಣ್ಣು ನನ್ನ ಕೈಗಿಟ್ಟು ಹೋದರು. ಅತ್ತೆ ಆ ಹಣ್ಣನ್ನು ಹಸುವಿಗೆ ಹಾಕಿಸಿದರು.

ಅವತ್ತಿನಿಂದ ಅವರು ಬೇರು ಕೊಡುವುದನ್ನು ನಿಲ್ಲಿಸಿದರು. ಊರಿನವರು ಹೆದರಿ ಬಿಟ್ಟದ್ದು ಒಂದು ಪಾಲು, ಅವರೇ ಬಿಟ್ಟದ್ದು ಮೂರು ಪಾಲು. ಒಮ್ಮೆ ಬೀದಿಯಲ್ಲಿ ಹೋಗುತ್ತಿದ್ದಾಗ ಆ ಎಮ್ಮೆಯ ರೈತ ಅಂಗಡಿಯ ಮುಂದೆ ನಿಂತಿದ್ದ. ಏಳು ಕಾಗದ ಮುಂದೆ ಹಿಡಿದು, "ಏಳೂ ತಂದಿವ್ನಿ ಕಣಣ್ಣ, ನೋಡು," ಎನ್ನುತ್ತಿದ್ದ. "ಮಂಡ್ಯದ ಆಸ್ಪತ್ರೆಗೋಗ್ಲಾ. ನನ್ ಕೈ ಮ್ಯಾಲೆ ನಂಗೇ ನಂಬ್ಕೆ ಇಲ್ಲ ಕಣ್ಲಾ," ಎಂದರು ಶೆಟ್ಟರು. ಅದನ್ನು ಕೇಳಿದ ಮೇಲೆ ನಾನು ಪೇಟೆಬೀದಿ ಬಿಟ್ಟು ಕೆರೆಯ ಕಡೆಯಿಂದ ಸುತ್ತಿ ಶಾಲೆಗೆ ಹೋಗತೊಡಗಿದೆ. ಕಾಲು ಮೈಲಿ ಜಾಸ್ತಿ. ಆ ದಾರಿಯಲ್ಲಿ ಯಾರೂ ಸಿಗುತ್ತಿರಲಿಲ್ಲ, ನನಗೆ ಬೇಕಿದ್ದದ್ದೂ ಅದೇ. ಒಬ್ಬಳೇ ನಡೆಯುವುದು ಅಲ್ಲಿ ರೂಢಿಯಾದದ್ದು ಆಮೇಲೂ ಬಿಡಲಿಲ್ಲ.

ಏಳೆಂಟು ತಿಂಗಳಾದ ಮೇಲೆ ನನಗೆ ದುದ್ದದ ಶಾಲೆಗೆ ವರ್ಗವಾಯಿತು. ಹೋಗುವ ಮುಂಚೆ ಹೇಳಿಬಿಡಬೇಕು ಎಂದು ಗಟ್ಟಿ ಮನಸ್ಸು ಮಾಡಿ, ಒಂದು ಶನಿವಾರ ಮಧ್ಯಾಹ್ನ ಅಂಗಡಿಗೆ ಹೋದೆ. ಖಾನೆಗಳು ಅರ್ಧ ಖಾಲಿ. ಕರ್ಪೂರ, ಊದಿನಕಡ್ಡಿ ಮಾತ್ರ ಮುಂದಿಟ್ಟಿದ್ದರು. ತಕ್ಕಡಿ ಇರಲಿಲ್ಲ. ಶೆಟ್ಟರು ಅಳಿಗುಳಿಮಣೆ ಮುಂದಿಟ್ಟುಕೊಂಡು ಆಡುತ್ತಿದ್ದರು. ಗುಳಿಗಳಲ್ಲಿ ಹುಣಸೆಬೀಜದ ಬದಲು ಗುಲಗಂಜಿ. ತೂಗುವುದಕ್ಕೆ ಇಟ್ಟಿದ್ದ ಅವೇ ಗುಲಗಂಜಿಗಳು.

ನಾನು ಜಗಲಿಯ ತುದಿಯಲ್ಲಿ ಕೂತೆ. ಅವರೇ ಎದ್ದು ಒಳಗೆ ಹೋಗಿ, ದಾರ ಕಟ್ಟಿದ ಒಂದು ಕಂತೆ ತಂದು ನನ್ನ ಪಕ್ಕ ಇಟ್ಟರು.

"ತಂತಿ ಎಲ್ಲ ಬಿಚ್ಚಿ ಒಲೆಗೆ ಆಕಾನ ಅಂತ ಕೂತಿದ್ದೆ. ಇವು ನಿಮ್ಮ ಮನೇವು. ತಕ್ಕಂಡೋಗು."

ಮೇಲಿನ ಕಾಗದ ನೋಡಿದೆ. ಪಂಚಾಂಗದ ಅಚ್ಚಿನ ಸಾಲುಗಳ ನಡುವೆ, ಅಂಚಿನ ಖಾಲಿ ಜಾಗದಲ್ಲಿ ಸಣ್ಣ ಪೆನ್ಸಿಲಕ್ಷರ. ಬೆಳಿಗ್ಗೆ ಮಾತ್ರೆ ಒಂದು. ರಾತ್ರಿ ಪುಡಿ. ಅದರ ಕೆಳಗಿನದರಲ್ಲೂ ಹಾಗೇ. ಅದರ ಕೆಳಗಿನದರಲ್ಲೂ. ಆ ಒಂಬತ್ತು ವಾರದವು ಮಾತ್ರ, ಅರವತ್ತಮೂರು ಕಾಗದ, ಎಲ್ಲದರಲ್ಲೂ ಅಪ್ಪನ ದುಂಡು ಕೈಬರಹ. ಡಾಕ್ಟರು ಬರೆದಿಡಿ ಎಂದದ್ದನ್ನು ಕೈಗೆ ಸಿಕ್ಕ ಕಾಗದದ ಮೇಲೆ ಬರೆದಿಟ್ಟಿದ್ದರು. ಮರೆತು ಬರೆದರೋ, ಬಾಯಲ್ಲಿ ಹೇಳಲಾಗದ್ದನ್ನು ಹೀಗಾದರೂ ಶೆಟ್ಟರು ಓದಲಿ ಎಂದು ಬರೆದರೋ… ಅದನ್ನು ನಾನು ಅಪ್ಪನನ್ನು ಕೊನೆಗೂ ಕೇಳಲಿಲ್ಲ. ಪ್ರತಿ ಶನಿವಾರ ಅವನ್ನು ಹೊತ್ತು ತಂದವಳು ನಾನೇ, ಒಂದನ್ನೂ ಬಿಡಿಸಿ ನೋಡಿರಲಿಲ್ಲ.

"ಶೆಟ್ಟರೆ, ನಾನು ನಿಮಗೆ…" ಎಂದೆ.

"ಕಾಗದ ವಾಪಸ್ ಇಸ್ಕಳದು ಯಾಕೆ ಮತ್ತೆ? ನೋಡಾಕೆ ತಾನೆ. ಎಣಿಸ್ದೆ, ನೋಡ್ಲಿಲ್ಲ. ಕಣ್ಗೆ ಪೊರೆ ಬಂದು ಎರಡು ವರ್ಸ ಆಯ್ತು ಕಣವ್ವ. ಯೋಳುದ್ರೆ ಜನ ಬರಾಕಿಲ್ಲ ಅಂತ ಯಾರ್ಗೂ ಯೋಳ್ಲಿಲ್ಲ. ಮೊನ್ನೆ ಭೂತಗನ್ನಡಿ ಇಟ್ಕಂಡು ಓದ್ದೆ. ನೀನೊಬ್ಳೇ ಅಲ್ಲ ಬುಡು, ಸುಳ್ಳು ಯೋಳಿರದು."

ನನಗೆ ಅಳು ಬಂತು. ಅವರು ಗುಲಗಂಜಿಗಳನ್ನು ಒಂದೊಂದಾಗಿ ಗುಳಿಗೆ ಬಿಡುತ್ತಿದ್ದರು. ಊರಿನವರಿಗೆ ನಿಜ ಹೇಳಿಬಿಡುತ್ತೇನೆ, ಈ ಕಾಗದ ತೋರಿಸುತ್ತೇನೆ ಎಂದೆ. ಕೈಯಲ್ಲಿದ್ದ ಬೀಜ ಮುಗಿದ ಮೇಲೆ, "ನಿನ್ ಮದ್ವೆ ಆಗ್ಬೇಕಲ್ಲ. ಅಪ್ಪುಂಗೆ ಎರಡೆರಡು ಔಸ್ದಿ ತಿನ್ಸಿದ್ಲು ಅಂತ ಆಡ್ಕತಾರೆ. ಯೋಳದಾದ್ರೆ ಯೋಳು, ಬುಟ್ರೆ ಬುಡು. ನಂಗೆ ಕಾಣದಂತೂ ಕಾಣಾಕಿಲ್ಲ," ಅಂದರು. ಆ ಕಾಗದಗಳನ್ನು ಅವರು ಯಾರಿಗೆ ಬೇಕಾದರೂ ತೋರಿಸಬಹುದಿತ್ತು. ಬೀದಿಯಲ್ಲಿ ನಿಂತು ತೋರಿಸಿದ್ದರೂ ತಪ್ಪಾಗುತ್ತಿರಲಿಲ್ಲ. ದಾರ ಕಟ್ಟಿ ನನಗೇ ಕೊಟ್ಟರು.

ಎದ್ದು ನಿಂತಾಗ ಮಣೆಯನ್ನು ನನ್ನ ಕಡೆ ಸ್ವಲ್ಪ ತಳ್ಳಿದರು. "ಒಂದಾಟ ಆಡ್ತೀಯಾ?"

ಬಸ್ಸಿಗೆ ಹೊತ್ತಾಯಿತು ಎಂದೆ. ನನ್ನ ಬಸ್ಸು ಇದ್ದದ್ದು ಮಾರನೆಯ ದಿನ.

ನಾನು ಊರಿಗೆ ಹೇಳಲಿಲ್ಲ. ದುದ್ದಕ್ಕೆ ಹೋದೆ, ಮದುವೆಯಾಯಿತು, ಮಂಡ್ಯದಲ್ಲಿ ಮನೆ ಮಾಡಿದೆವು. ಎರಡು ವರ್ಷದ ಮೇಲೆ ಒಮ್ಮೆ ಪೇಟೆಬೀದಿಯಲ್ಲಿ ಹಾದುಹೋದಾಗ ಗ್ರಂಥಿಗೆ ಅಂಗಡಿ ಇದ್ದಲ್ಲಿ ಸೈಕಲ್ ರಿಪೇರಿಯವನು ಕೂತಿದ್ದ. ಶೆಟ್ಟರಿಗೆ ಕಣ್ಣು ಪೂರಾ ಹೋಗಿ, ತಂಗಿಯ ಮಗ ಚಿಕ್ಕರಸಿನಕೆರೆಗೆ ಕರೆದುಕೊಂಡು ಹೋಗಿದ್ದನಂತೆ. ಅಲ್ಲೇ ತೀರಿಕೊಂಡರಂತೆ. ಯಾವಾಗ ಎಂದು ಸೈಕಲ್ಲಿನವನಿಗೆ ಗೊತ್ತಿರಲಿಲ್ಲ. ಅವತ್ತು ಅಪ್ಪ, ಏನು ತೋಚಿತೋ, "ಶೆಟ್ಟರು ಹೇಗಿದ್ದಾರಮ್ಮ?" ಎಂದು ಕೇಳಿದರು. ಆರೇಳು ವರ್ಷ ಬರೀ ಮಾತ್ರೆಯ ಮೇಲೆ ಬದುಕಿದ ಅಪ್ಪ ಆ ಹೆಸರೆತ್ತಿದ್ದು ಅದೊಂದೇ ಸಲ. ಚೆನ್ನಾಗಿದ್ದಾರೆ ಎಂದೆ. ಕಂತೆಯನ್ನು ಅಪ್ಪನ ಟ್ರಂಕಿನ ತಳದಲ್ಲಿ ಇಟ್ಟವಳೂ ನಾನೇ. ಅದು ಅಲ್ಲಿದೆ ಎಂದು ನನಗೆ ಇಷ್ಟು ವರ್ಷವೂ ಗೊತ್ತಿತ್ತು. ಮರೆತಿದ್ದೆ ಎಂದು ಈಗ ಬರೆದರೆ ಅದೂ ಸುಳ್ಳಾಗುತ್ತದೆ.

ನನ್ನವರು ಹೋಗಿ ಒಂಬತ್ತು ವರ್ಷ. ಮಧ್ಯಾಹ್ನದ ಹೊತ್ತು ಮನೆಯಲ್ಲಿ ಗಡಿಯಾರದ ಸದ್ದೊಂದೇ. ಎರಡು ಕಡೆಯ ಆಟ ಒಬ್ಬರೇ ಆಡುವುದು ಎಂದರೇನೆಂದು ಈಗ ತಿಳಿಯುತ್ತದೆ. ಅವತ್ತು ಕೂತು ಒಂದಾಟ ಆಡಿದ್ದರೆ ನನ್ನ ಗಂಟೇನು ಹೋಗುತ್ತಿತ್ತು?

ನಿನ್ನೆ ಕಂತೆ ತೆಗೆದುಕೊಂಡು ಡಾಕ್ಟರ ಹತ್ತಿರ ಹೋದೆ. ಆ ಹುಡುಗಿ ಕಾಗದಗಳನ್ನು ಒಂದೊಂದಾಗಿ ತಿರುವಿ ನೋಡಿದಳು, ಒಂದನ್ನು ಮೂಗಿನ ಹತ್ತಿರ ಹಿಡಿದಳು. ಸರ್ಪಗಂಧದ ವಿಷಯ ಪುಸ್ತಕದಲ್ಲಿ ಓದಿದ್ದಳಂತೆ, ಈಗ ಆ ಮಾತ್ರೆ ಹೆಚ್ಚಾಗಿ ಯಾರೂ ಬರೆಯುವುದಿಲ್ಲವಂತೆ. ಇವನ್ನು ಕೊಟ್ಟವರು ಯಾರು ಎಂದಳು. ನಮ್ಮೂರಲ್ಲಿ ಒಬ್ಬರಿದ್ದರು, ತೂಕ ಒಂದು ದಿನವೂ ತಪ್ಪಿದವರಲ್ಲ ಎಂದೆ. ಆ ಮಾತನ್ನು ನಾನು ಜೋರಾಗಿ ಹೇಳಿದ್ದು ಅದೇ ಮೊದಲು. ಕೇಳಬೇಕಾದವರು ಯಾರೂ ಅಲ್ಲಿರಲಿಲ್ಲ.

ಕಂತೆ ನನ್ನ ಕಡೆ ಸರಿಸಿ, ಪೆನ್ನು ತೆಗೆದು, ರೂಢಿಯಂತೆ ಕೇಳಿದಳು. "ನನ್ನ ಮಾತ್ರೆ ಬಿಟ್ಟು ಬೇರೇನಾದ್ರೂ ತಗೊಳ್ತಿದ್ದೀರಾ ಆಂಟಿ?"

"ಹೌದು," ಎಂದೆ. ಹೊಳೆಮತ್ತಿ ತೊಗಟೆಯ ಕಷಾಯ, ಎರಡು ತಿಂಗಳಿಂದ, ದಿನಾ ಒಂದು ಲೋಟ.

ಬೈಯುತ್ತಾಳೇನೋ ಎಂದು ಕಾದೆ. ಅವಳು ಅದನ್ನು ಬರೆದುಕೊಂಡಳು, ಸದ್ಯಕ್ಕೆ ನಿಲ್ಲಿಸಿ ಎಂದಳು, ಮುಂದಿನ ಪ್ರಶ್ನೆಗೆ ಹೋದಳು. ಶೆಟ್ಟರೂ ಅಷ್ಟೇ ಮಾಡುತ್ತಿದ್ದರು. ಒಂದು ಗುಲಗಂಜಿ ಕಡಿಮೆ ತೂಗುತ್ತಿದ್ದರು.